ಸೈಕಲ್ ಗೇರ್ ಬೀಳುತ್ತಿಲ್ಲವೇ, ಚೈನ್ ಜಾರುತ್ತಿದೆಯೇ? ಸ್ಕ್ರೂ ಮುಟ್ಟುವ ಮುಂಚೆ ಇಷ್ಟು ನೋಡಿ

ನಿನ್ನೆಯವರೆಗೆ ಸರಿಯಾಗಿದ್ದ ಗೇರ್ ಇವತ್ತು ಕಟಕಟ ಅನ್ನುತ್ತದೆ. ಏರು ಹತ್ತುವಾಗ ಚೈನ್ ಧಡ್ ಅಂತ ಜಾರುತ್ತದೆ, ಕಾಲು ಒಮ್ಮೆಲೇ ಕೆಳಗೆ ಹೋಗುತ್ತದೆ, ಎದೆ ಝಲ್ ಅನ್ನುತ್ತದೆ. ಮನೆಗೆ ಬಂದ ಕೂಡಲೇ ಹೆಚ್ಚಿನವರು ಸ್ಕ್ರೂ ಡ್ರೈವರ್ ಹಿಡಿದು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಮೇಲಿರುವ ಎರಡು ಸಣ್ಣ ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ, ಒಂದಿಡೀ ಸಂಜೆ. ದೊಡ್ಡ ಹಲ್ಲುಚಕ್ರಕ್ಕೆ ಸರಿ ಮಾಡಿದರೆ ಚಿಕ್ಕದರಲ್ಲಿ ಸದ್ದು, ಚಿಕ್ಕದಕ್ಕೆ ಸರಿ ಮಾಡಿದರೆ ದೊಡ್ಡದರಲ್ಲಿ. ಕೊನೆಗೆ ಸೈಕಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದಾಗ ಗೊತ್ತಾಯಿತು: ಡಿರೇಲರ್ ನೇತುಬೀಳುವ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಹಿಂದಿನ ದಿನ ಗೋಡೆಗೆ ಒರಗಿಸಿದ್ದ ಸೈಕಲ್ ಬಲಕ್ಕೆ ಬಿದ್ದಿತ್ತು.

ಅವತ್ತಿನಿಂದ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಡಿರೇಲರ್ ಎಷ್ಟು ಒಳಗೆ, ಎಷ್ಟು ಹೊರಗೆ ಹೋಗಬಹುದು ಅಂತ ಮಿತಿ ಹಾಕುವ ಆ ಲಿಮಿಟ್ ಸ್ಕ್ರೂಗಳು ರಾತ್ರಿ ಬೆಳಗಾಗುವುದರಲ್ಲಿ ತಾವಾಗಿಯೇ ತಿರುಗುವುದಿಲ್ಲ. ಕೊಳೆ ಸೇರುತ್ತದೆ, ಕೇಬಲ್ ಸಡಿಲವಾಗುತ್ತದೆ, ಹ್ಯಾಂಗರ್ ಬಾಗುತ್ತದೆ, ಚೈನ್ ಸವೆಯುತ್ತದೆ. ಇವುಗಳಲ್ಲಿ ಬದಲಾದದ್ದು ಯಾವುದು ಅಂತ ಮೊದಲು ಹುಡುಕಬೇಕು. ಬದಲಾಗದೇ ಇದ್ದದ್ದನ್ನು ತಿರುಗಿಸಿದರೆ ಒಂದು ದೋಷ ಎರಡಾಗುತ್ತದೆ.

ಇಲ್ಲಿ ಬರೆದಿರುವುದು ಕೇಬಲ್‌ನಿಂದ ನಡೆಯುವ, ಹಿಂದೆ ಡಿರೇಲರ್ ಇರುವ ಸೈಕಲ್‌ಗಳಿಗೆ. ಎಲೆಕ್ಟ್ರಾನಿಕ್ ಗೇರ್ ಇದ್ದರೆ ಮೊದಲು ಬ್ಯಾಟರಿ ಚಾರ್ಜ್ ನೋಡಿ. ಕೇಬಲ್ ವಿಷಯ ಬಿಟ್ಟು ಉಳಿದದ್ದೆಲ್ಲ ಅದಕ್ಕೂ ಸಲ್ಲುತ್ತದೆ.

ಮೊದಲು ಸ್ವಲ್ಪ ಓಡಿಸಿ, ಕಿವಿಗೊಡಿ

ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ಐದು ನಿಮಿಷ ಓಡಿಸಿ. ತುಳಿಯುವಾಗ ಮಾತ್ರ ಸದ್ದು ಬರುತ್ತದೆಯೇ? ತುಳಿಯುವುದು ನಿಲ್ಲಿಸಿ ಸುಮ್ನೆ ಉರುಳಲು ಬಿಟ್ಟಾಗಲೂ ಬರುತ್ತದೆಯೇ? ಉರುಳುವಾಗಲೂ ಬಂದರೆ ದೋಷ ಗಾಲಿಯಲ್ಲಿ, ಸ್ಪೋಕ್ ಕಡ್ಡಿಯಲ್ಲಿ ಅಥವಾ ಬ್ರೇಕ್‌ನಲ್ಲಿ ಇರಬಹುದು. ಚೈನನ್ನು ಬೈಯಬೇಡಿ.

ಸೀಟಿನಿಂದ ಎದ್ದು ನಿಂತು ತುಳಿದಾಗ ಸದ್ದು ಹೋಯಿತೇ? ಹಾಗಾದರೆ ಸೀಟು ಅಥವಾ ಸೀಟ್ ಪೋಸ್ಟ್ ಕಡೆ ನೋಡಿ. ಜೋರಾಗಿ ತುಳಿದಾಗ ಮಾತ್ರ ತೊಂದರೆಯೋ, ಹಗುರವಾಗಿ ತುಳಿದರೂ ಇದೆಯೋ? ಎಲ್ಲ ಗೇರಲ್ಲೂ ಇದೆಯೋ, ಒಂದೆರಡರಲ್ಲಿ ಮಾತ್ರವೋ? ಪೆಡಲಿನ ಎಷ್ಟು ಸುತ್ತಿಗೊಮ್ಮೆ ಬರುತ್ತದೆ? ಈ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಬೇಕಾಗಿ ಬಂದರೂ ಆ ಚೀಟಿ ಅರ್ಧ ಕೆಲಸ ಮುಗಿಸಿರುತ್ತದೆ.

ಒಂದು ಎಚ್ಚರಿಕೆ, ಈಗಲೇ. ಪೆಡಲ್ ತಿರುಗಿಸಿ ನೋಡುವಾಗ ಚೈನ್, ಹಲ್ಲುಚಕ್ರ, ಡಿಸ್ಕ್ ಬ್ರೇಕಿನ ತಟ್ಟೆ ಇವುಗಳ ಹತ್ತಿರ ಬೆರಳು ತರಬೇಡಿ. ತಿರುಗುತ್ತಿರುವ ಗಾಲಿಯ ಚೈನನ್ನು ಬಟ್ಟೆಯಿಂದ ಒರೆಸುವಾಗ ಬಟ್ಟೆಯ ಜೊತೆಗೆ ಬೆರಳೂ ಒಳಗೆ ಎಳೆದುಕೊಂಡು ಹೋಗುತ್ತದೆ. ಚೈನನ್ನು ಕೆಳಗಿನ ಸಾಲಿನಲ್ಲಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒರೆಸಿ.

ಎಲ್ಲ ಗೇರಲ್ಲೂ ಒಣ ಕಿರಕಿರ ಸದ್ದು

ಇದು ಅತಿ ಸುಲಭದ್ದು. ಚೈನ್ ಒಣಗಿದೆ ಅಥವಾ ಕೊಳೆಯಾಗಿದೆ. ಬೆರಳಿನಿಂದ ಮುಟ್ಟಿ ನೋಡಿ. ಕಪ್ಪು ಮುದ್ದೆ ಹತ್ತಿಕೊಂಡರೆ ಎಣ್ಣೆ ಜಾಸ್ತಿ, ಜೊತೆಗೆ ಮಣ್ಣು. ಏನೂ ಹತ್ತದೆ ಕೆಂಪು ತುಕ್ಕು ಕಂಡರೆ ಎಣ್ಣೆ ಇಲ್ಲ.

ಬಟ್ಟೆಯಿಂದ ಚೆನ್ನಾಗಿ ಒರೆಸಿ. ಪ್ರತಿ ಕೊಂಡಿಯ ಉರುಳೆಯ ಮೇಲೆ ಚೈನ್ ಎಣ್ಣೆಯನ್ನು ಒಂದೊಂದೇ ಹನಿ ಬಿಡಿ. ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಡಿ. ಆಮೇಲೆ ಹೊರಗೆ ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಕೆಲಸ ಮಾಡುವುದು ಉರುಳೆಯ ಒಳಗೆ. ಹೊರಗಿನ ಎಣ್ಣೆ ಮಣ್ಣು ಹಿಡಿಯುವುದಕ್ಕೆ ಮಾತ್ರ.

ಸ್ಪ್ರೇ ಡಬ್ಬಿ ಬಳಸಬೇಡಿ. ಒಂದು ಸಿಂಪಡಿಕೆ ಡಿಸ್ಕ್ ತಟ್ಟೆಯ ಮೇಲೋ ರಿಮ್ ಮೇಲೋ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಪೆಟ್ರೋಲಿನಿಂದ ಚೈನ್ ತೊಳೆಯುವುದೂ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು.

ಗೇರ್ ತಡವಾಗಿ ಬೀಳುತ್ತದೆ, ಅಥವಾ ಎರಡು ಹಲ್ಲುಚಕ್ರದ ನಡುವೆ ಕಟಕಟ ಅನ್ನುತ್ತದೆ

ಮೊದಲೆಲ್ಲ ಗೇರ್ ಲಿವರಿಗೆ ಕ್ಲಿಕ್ ಇರಲಿಲ್ಲ. ಸವಾರನೇ ಕಿವಿಯಿಂದ ಕೇಳಿ, ಕೈಯಿಂದ ಹೊಂದಿಸಬೇಕಿತ್ತು. 1984ರಲ್ಲಿ ಜಪಾನಿನ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೋ ತನ್ನ ಡ್ಯೂರಾ-ಏಸ್ ಬಿಡಿಭಾಗಗಳ ಸೆಟ್ ಜೊತೆ ಕ್ಲಿಕ್‌ಗೊಂದು ಗೇರ್ ಬೀಳುವ ಪದ್ಧತಿ ತಂದಿತು. ಅನುಕೂಲ ದೊಡ್ಡದು. ಆದರೆ ಈಗ ಹೊಂದಿಸುವ ಕೆಲಸವೆಲ್ಲ ಕೇಬಲ್‌ದು. ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಅನ್ನುತ್ತಾರೆ. 8 ಗೇರಿನ ಶಿಮಾನೋ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ 4.8 ಮಿಲಿಮೀಟರ್ ದೂರ. 10 ಗೇರಿನದರಲ್ಲಿ 3.95 ಮಿಲಿಮೀಟರ್. ಕೇಬಲ್ ಕೂದಲೆಳೆಯಷ್ಟು ಸಡಿಲವಾದರೂ ಗೇರ್ ಯಾಕೆ ಕಟಕಟ ಅನ್ನುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಮೊದಲ ಪರೀಕ್ಷೆಗೆ ಒಂದು ಸಲಕರಣೆಯೂ ಬೇಡ. ಗೇರ್ ಯಾವ ಕಡೆ ಹೋಗುವಾಗ ತಡ ಮಾಡುತ್ತದೆ ಅಂತ ನೋಡಿ.

ಚಿಕ್ಕದರಿಂದ ದೊಡ್ಡ ಹಲ್ಲುಚಕ್ರಕ್ಕೆ ಹತ್ತುವಾಗ ತಡವಾದರೆ ಕೇಬಲ್ ಸಡಿಲವಾಗಿದೆ. ಡಿರೇಲರ್ ಹತ್ತಿರ ಅಥವಾ ಶಿಫ್ಟರ್ (ಗೇರ್ ಲಿವರ್) ಹತ್ತಿರ, ಕೇಬಲ್ ಒಳಗೆ ಹೋಗುವ ಕಡೆ, ಕೈಯಲ್ಲೇ ತಿರುಗಿಸುವ ಒಂದು ಗುಬುಟು ಇರುತ್ತದೆ. ಅದೇ ಬ್ಯಾರೆಲ್ ಅಡ್ಜಸ್ಟರ್. ಅದು ಹೊರಕ್ಕೆ ಬರುವ ಹಾಗೆ ಅರ್ಧ ಸುತ್ತು ತಿರುಗಿಸಿ. ಪೆಡಲ್ ತುಳಿದು ನೋಡಿ. ಬೇಕಾದರೆ ಇನ್ನರ್ಧ ಸುತ್ತು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಾಗ ತಡವಾದರೆ ಕೇಬಲ್ ಬಿಗಿ ಜಾಸ್ತಿ ಇದೆ. ಗುಬುಟು ಒಳಕ್ಕೆ ಹೋಗುವ ಹಾಗೆ ಅರ್ಧ ಸುತ್ತು. ಹೊಸ ಸೈಕಲ್, ಹೊಸ ಕೇಬಲ್ ಆಗಿದ್ದರೆ ಮೊದಲ ಕೆಲವು ಸವಾರಿಗಳಲ್ಲಿ ಹೀಗಾಗುವುದು ಸಹಜ. ಕೇಬಲಿನ ಕವಚದ ತುದಿಗಳು ಒತ್ತಿಕೊಂಡು ಕೂರುವವರೆಗೂ ಸ್ವಲ್ಪ ಸಡಿಲ ಬರುತ್ತದೆ.

ಎರಡು ಸುತ್ತು ತಿರುಗಿಸಿದರೂ ಸರಿಹೋಗದಿದ್ದರೆ ನಿಲ್ಲಿಸಿ. ದೋಷ ಬೇರೆ ಕಡೆ ಇದೆ.

ಏರುವಾಗಲೂ ಇಳಿಯುವಾಗಲೂ ತಡವಾದರೆ ಕೇಬಲ್ ಒಳಗೆ ಉಜ್ಜುತ್ತಿದೆ. ಇದನ್ನು ನೋಡಲು ಒಂದು ಚಂದದ ಉಪಾಯ ಇದೆ. ಪೆಡಲ್ ತಿರುಗಿಸುತ್ತಾ ಚೈನನ್ನು ಅತಿ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿ. ಈಗ ಪೆಡಲ್ ನಿಲ್ಲಿಸಿ. ಗಾಲಿ ನಿಂತಿರುವಾಗಲೇ ಲಿವರನ್ನು ಅತಿ ಚಿಕ್ಕ ಗೇರಿನವರೆಗೂ ಕ್ಲಿಕ್ ಮಾಡುತ್ತಾ ಹೋಗಿ. ಚೈನ್ ಅಲ್ಲೇ ಇರುತ್ತದೆ, ಕೇಬಲ್ ಮಾತ್ರ ಜೋತುಬೀಳುತ್ತದೆ. ಕೇಬಲ್ ಚೌಕಟ್ಟಿನ ಹೊರಗೆ ಹೋಗುವ ಸೈಕಲ್ ಆಗಿದ್ದರೆ, ಕವಚದ ತುದಿಗಳು ಚೌಕಟ್ಟಿನ ಗೂಡುಗಳಿಂದ ಸುಲಭವಾಗಿ ಈಚೆ ಬರುತ್ತವೆ. ಕವಚವನ್ನು ತಂತಿಯ ಮೇಲೆ ಹಿಂದೆ ಮುಂದೆ ಜಾರಿಸಿ ನೋಡಿ. ಒಳ್ಳೆಯ ಕೇಬಲ್ ಬೆಣ್ಣೆಯ ಹಾಗೆ ಜಾರುತ್ತದೆ. ಕೆಟ್ಟದ್ದು ಮರಳು ಉಜ್ಜಿದ ಹಾಗೆ ಬೆರಳಿಗೆ ತಿಳಿಯುತ್ತದೆ. ಹಿಂದಿನ ಡಿರೇಲರ್ ಹತ್ತಿರ ಬಾಗಿರುವ ಕೊನೆಯ ತುಂಡನ್ನು ಮೊದಲು ನೋಡಿ. ನೀರು, ಕೆಸರು ಜಾಸ್ತಿ ಸೇರುವುದು ಅಲ್ಲೇ. ತುಕ್ಕು ಕಂಡರೆ ಎಣ್ಣೆ ಬಿಟ್ಟು ದಿನ ತಳ್ಳಬೇಡಿ. ತಂತಿ, ಕವಚ ಎರಡನ್ನೂ ಬದಲಿಸಿ.

ಇನ್ನೊಂದು ಲಕ್ಷಣವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಇವತ್ತು ಅಡ್ಜಸ್ಟರ್ ತಿರುಗಿಸಿ ಸರಿ ಮಾಡಿದಿರಿ, ನಾಡಿದ್ದು ಮತ್ತೆ ಕೆಟ್ಟಿತು, ಮತ್ತೆ ತಿರುಗಿಸಿದಿರಿ, ಮತ್ತೆ ಕೆಟ್ಟಿತು. ಹಾಗಿದ್ದರೆ ಶಿಫ್ಟರ್ ಒಳಗೆ, ತಂತಿಯ ತಲೆಯ ಹತ್ತಿರ, ಎಳೆಗಳು ಒಂದೊಂದಾಗಿ ಹರಿಯುತ್ತಿರಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. ಪೂರ್ತಿ ಹರಿಯುವ ಮುಂಚೆ ಬಿಚ್ಚಿ ನೋಡಿದರೆ ಬರೀ ತಂತಿ ಬದಲಿಸಿ ಮುಗಿಯುತ್ತದೆ. ಹರಿದ ಮೇಲೆ ಚೂರುಗಳು ಶಿಫ್ಟರ್ ಒಳಗೆ ಸಿಕ್ಕಿಕೊಳ್ಳುತ್ತವೆ, ಅದನ್ನು ತೆಗೆಯುವುದು ತಾಳ್ಮೆ ಕೆಡಿಸುವ ಕೆಲಸ. ದಾರಿಯಲ್ಲೇ ಹರಿದರೆ ಹೆಚ್ಚಿನ ಸೈಕಲ್‌ಗಳಲ್ಲಿ ಚೈನ್ ಅತಿ ಚಿಕ್ಕ ಹಲ್ಲುಚಕ್ರಕ್ಕೆ, ಅಂದರೆ ತುಳಿಯಲು ಅತಿ ಭಾರದ ಗೇರಿಗೆ ಹೋಗಿ ಕೂರುತ್ತದೆ. ಆಗ ಎಚ್ ಅಂತ ಗುರುತಿರುವ ಲಿಮಿಟ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ, ಚೈನನ್ನು ಒಂದೆರಡು ಹಲ್ಲುಚಕ್ರ ಒಳಗೆ ನಿಲ್ಲಿಸಿಕೊಂಡು ಮನೆ ಸೇರಬಹುದು. ಎಷ್ಟು ಸುತ್ತು ತಿರುಗಿಸಿದಿರಿ ಅಂತ ಎಣಿಸಿಡಿ.

ಕೊನೆಗೆ ಹ್ಯಾಂಗರ್. ಕೆಲವು ಗೇರ್ ಚೆನ್ನಾಗಿ ಬಿದ್ದು ಕೆಲವು ಎಷ್ಟು ಹೊಂದಿಸಿದರೂ ಬೀಳದಿದ್ದರೆ, ಅದೂ ಸೈಕಲ್ ಬಿದ್ದ ಮೇಲೆ ಅಥವಾ ಬೇರೆ ಗಾಡಿಯಲ್ಲಿ ಸಾಗಿಸಿದ ಮೇಲೆ ಶುರುವಾಗಿದ್ದರೆ, ಅನುಮಾನ ಇದರ ಮೇಲೇ ಇರಲಿ. ಸೈಕಲ್ ನೇರವಾಗಿ ನಿಲ್ಲಿಸಿ, ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿ. ಡಿರೇಲರಿನ ಎರಡು ಪುಟ್ಟ ಪುಲ್ಲಿಗಳು ಮೇಲಿನ ಹಲ್ಲುಚಕ್ರದ ಜೊತೆ ಒಂದೇ ನೇರ ಗೆರೆಯಲ್ಲಿ ಇರಬೇಕು. ಕೆಳಗಿನ ಪುಲ್ಲಿ ಗಾಲಿಯ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಕೈಯಲ್ಲಿ ಹಿಡಿದು ಎಳೆಯಬೇಡಿ. ಅಲ್ಯೂಮಿನಿಯಂ ಹ್ಯಾಂಗರ್ ಒರಟಾಗಿ ಎಳೆದರೆ ಮುರಿಯುತ್ತದೆ. ಅದನ್ನು ಅಳೆದು ನೆಟ್ಟಗೆ ಮಾಡಲು ಬೇರೆಯೇ ಸಲಕರಣೆ ಇದೆ, ಮೆಕ್ಯಾನಿಕ್ ಹತ್ತಿರ ಕೆಲವೇ ನಿಮಿಷದ ಕೆಲಸ. ಬದಲಿಸಬಹುದಾದ ಹ್ಯಾಂಗರ್ ಇದ್ದರೆ ನಿಮ್ಮ ಮಾಡೆಲಿನದೇ ಒಂದನ್ನು ತೆಗೆದಿಡಿ. ಒಂದು ಸೈಕಲಿನದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ.

ಜೋರಾಗಿ ತುಳಿದಾಗ ಚೈನ್ ಜಾರುತ್ತದೆ

ಇದು ಬರೀ ಕಿರಿಕಿರಿಯಲ್ಲ, ಅಪಾಯ. ಎದ್ದು ನಿಂತು ತುಳಿಯುವಾಗ ಜಾರಿದರೆ ಎದೆ ಹ್ಯಾಂಡಲ್‌ಗೆ ಬಡಿಯುತ್ತದೆ, ಕೆಳಗೂ ಬೀಳಬಹುದು. ಕಾರಣ ಸಿಗುವವರೆಗೂ ಕೂತೇ ತುಳಿಯಿರಿ.

ಜಾರುವ ಲಯವನ್ನು ಎಣಿಸಿ. ಎರಡೂವರೆ, ಮೂರು ಸುತ್ತಿಗೊಮ್ಮೆ, ಗಡಿಯಾರದ ಹಾಗೆ ತಪ್ಪದೆ ಬಂದರೆ ಒಂದು ಕೊಂಡಿ ಬಿಗಿದುಕೊಂಡಿದೆ. ಲೆಕ್ಕ ಸುಲಭ. ಚೈನಿನಲ್ಲಿ 114 ಕೊಂಡಿ ಇದ್ದು, ಪೆಡಲ್ ಜೊತೆ ತಿರುಗುವ ಮುಂದಿನ ಹಲ್ಲುಚಕ್ರದಲ್ಲಿ, ಅಂದರೆ ಚೈನ್‌ರಿಂಗಿನಲ್ಲಿ 38 ಹಲ್ಲು ಇದ್ದರೆ, ಅದೇ ಕೊಂಡಿ ಮೂರು ಸುತ್ತಿಗೊಮ್ಮೆ ಹಿಂದಿನ ಹಲ್ಲುಚಕ್ರಕ್ಕೆ ಬರುತ್ತದೆ. ಹಿಂದೆ ಚಿಕ್ಕ ಹಲ್ಲುಚಕ್ರಕ್ಕೆ ಹಾಕಿ, ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಡಿರೇಲರಿನ ಪುಲ್ಲಿಗಳನ್ನೇ ನೋಡುತ್ತಾ ಇರಿ. ಎಲ್ಲ ಕೊಂಡಿಗಳೂ ಮೆತ್ತಗೆ ಬಾಗಿ ಹೋಗುತ್ತವೆ. ಬಿಗಿದ ಕೊಂಡಿ ಬಂದಾಗ ಡಿರೇಲರ್ ಒಮ್ಮೆ ಚಿಕ್ಕದಾಗಿ ಬೆಚ್ಚಿಬಿದ್ದ ಹಾಗೆ ಮುಂದಕ್ಕೆ ಎಗರುತ್ತದೆ, ಪುಲ್ಲಿ ದಾಟಿದ ಮೇಲೂ ಆ ಕೊಂಡಿ ಮೊಣಕೈ ಮಡಿಸಿದ ಹಾಗೆ ಸೊಟ್ಟಗೇ ಉಳಿಯುತ್ತದೆ. ಸಿಕ್ಕಿತಲ್ವಾ? ಒಂದು ಹನಿ ಎಣ್ಣೆ ಬಿಟ್ಟು, ಎರಡೂ ಹೆಬ್ಬೆರಳಿನಿಂದ ಕೊಂಡಿಯನ್ನು ಅಡ್ಡಕ್ಕೆ, ಆ ಕಡೆ ಈ ಕಡೆ ಮೆಲ್ಲಗೆ ಬಗ್ಗಿಸಿ. ಹೆಚ್ಚಿನ ಸಲ ಅಷ್ಟಕ್ಕೇ ಬಿಡುತ್ತದೆ. ಕೊಂಡಿಯ ಪಟ್ಟಿ ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಪಿನ್ ಒಂದು ಕಡೆ ಹೊರಗೆ ಬಂದಿದ್ದರೆ ಆ ಚೈನ್ ಮೇಲೆ ಸವಾರಿ ಬೇಡ.

ಲಯವೇ ಇಲ್ಲದೆ, ಒಂದೆರಡು ಗೇರಲ್ಲಿ ಮಾತ್ರ, ಅದೂ ನೀವು ಹೆಚ್ಚು ಬಳಸುವ ಗೇರಲ್ಲಿ ಜಾರಿದರೆ ಅದು ಸವೆತ. ಚೈನ್ ಹಿಗ್ಗಿದೆ ಅಂತ ಹೇಳುವುದು ರೂಢಿ. ನಿಜವಾಗಿ ಪಟ್ಟಿಗಳು ಹಿಗ್ಗುವುದಿಲ್ಲ, ಪಿನ್ನು ಮತ್ತು ಅದು ಕೂರುವ ಜಾಗ ಸವೆದು ಕೊಂಡಿಗಳ ನಡುವಿನ ದೂರ ಹೆಚ್ಚುತ್ತದೆ. ಅಳೆಯಲು ಉಕ್ಕಿನ ಸ್ಕೇಲ್ ಸಾಕು. ಪೆಡಲ್ ಮೇಲೆ ಸ್ವಲ್ಪ ಭಾರ ಹಾಕಿ ಚೈನ್ ಬಿಗಿಯಾಗಿರಲಿ. ಒಂದು ಪಿನ್ನಿನ ನಡುವೆ ಸೊನ್ನೆ ಇಡಿ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ 24ನೆಯ ಪಿನ್ ಸರಿಯಾಗಿ 12 ಇಂಚಿನ ಗೆರೆಯ ಮೇಲೆ, ಅಂದರೆ 304.8 ಮಿಲಿಮೀಟರಿಗೆ ಬೀಳುತ್ತದೆ. ಒಂದೂವರೆ ಮಿಲಿಮೀಟರ್ ಮುಂದೆ ಹೋಗಿದ್ದರೆ ಶೇ. 0.5 ಸವೆತ. 11, 12 ಗೇರಿನ ಚೈನ್ ಆಗಿದ್ದರೆ ಬದಲಿಸಿ. 8, 9, 10 ಗೇರಿನದಾದರೆ ಶೇ. 0.75ರವರೆಗೆ, ಅಂದರೆ 2.3 ಮಿಲಿಮೀಟರ್‌ವರೆಗೆ ನಡೆಯುತ್ತದೆ. ಮೂರು ಮಿಲಿಮೀಟರ್ ದಾಟಿದ್ದರೆ ಶೇ. 1ರಷ್ಟಾಯಿತು. ಅಷ್ಟರಲ್ಲಿ ಕ್ಯಾಸೆಟ್ ಕೂಡ ಚೈನಿನ ಜೊತೆ ಸವೆದಿರುತ್ತದೆ.

ಇಲ್ಲೊಂದು ವಿಷಯ ಎಷ್ಟೋ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಹೊಸ ಚೈನ್ ಹಾಕಿದ ದಿನದಿಂದಲೇ ಜಾರಲು ಶುರುವಾದರೆ ಹೊಸ ಚೈನ್ ಕೆಟ್ಟದ್ದು ಅಂದುಕೊಳ್ಳಬೇಡಿ. ಹಳೆಯ ಚೈನೂ ಹಳೆಯ ಕ್ಯಾಸೆಟೂ ಒಂದಕ್ಕೊಂದು ಹೊಂದಿಕೊಂಡೇ ಸವೆದಿದ್ದವು. ಹೊಸ ಚೈನಿನ ಸರಿಯಾದ ಅಳತೆಗೆ ಹಳೆಯ ಹಲ್ಲುಗಳು ಈಗ ಹೊಂದುವುದಿಲ್ಲ. ಕ್ಯಾಸೆಟ್ ಬದಲಿಸಬೇಕು. ಚೈನ್ ಅಗ್ಗ, ಕ್ಯಾಸೆಟ್ ತುಟ್ಟಿ. ಅದಕ್ಕೇ ಚೈನನ್ನು ಆಗಾಗ ಅಳೆದು, ಹೊತ್ತಿಗೆ ಸರಿಯಾಗಿ ಬದಲಿಸಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಅಳತೆ ಸರಿ ಇದೆ, ಬಿಗಿದ ಕೊಂಡಿಯೂ ಇಲ್ಲ, ಆದರೂ ಜಾರುತ್ತದೆ ಅಂದರೆ ಮೇಲೆ ಹೇಳಿದ ಕೇಬಲ್ ಬಿಗಿತ ಮತ್ತೊಮ್ಮೆ ನೋಡಿ. ಎರಡು ಹಲ್ಲುಚಕ್ರದ ನಡುವೆ ಅರೆಮನಸ್ಸಿನಲ್ಲಿ ಕೂತ ಚೈನೂ ಭಾರ ಬಿದ್ದಾಗ ಹಾರುತ್ತದೆ.

ಪೆಡಲ್ ತುಳಿದರೆ ಗಾಳಿ ತುಳಿದ ಹಾಗೆ ಆಗುತ್ತದೆ

ಚೈನ್ ತನ್ನ ಜಾಗದಲ್ಲೇ ಇದೆ, ಹಲ್ಲುಚಕ್ರವೂ ಚೈನಿನ ಜೊತೆ ತಿರುಗುತ್ತದೆ, ಗಾಲಿ ಮಾತ್ರ ತಿರುಗುವುದಿಲ್ಲ. ಅಥವಾ ಒಂದು ಕ್ಷಣ ಬಿಟ್ಟು ಧಡ್ ಅಂತ ಹಿಡಿಯುತ್ತದೆ. ದೋಷ ಗಾಲಿಯ ನಡುವಿನ ಹಬ್ ಒಳಗಿರುವ, ತುಳಿದಾಗ ಗಾಲಿಯನ್ನು ಹಿಡಿದು ತುಳಿಯದಾಗ ಬಿಡುವ ಫ್ರೀಹಬ್‌ನದು. ಒಳಗೆ ಸ್ಪ್ರಿಂಗಿನಿಂದ ಎದ್ದು ನಿಲ್ಲುವ ಸಣ್ಣ ನಾಲಿಗೆಗಳು ಹಳೆಯ ಗಟ್ಟಿ ಗ್ರೀಸಿನಲ್ಲಿ ಅಂಟಿಕೊಂಡಿರುತ್ತವೆ ಅಥವಾ ಮುರಿದಿರುತ್ತವೆ. ಇದರ ಮೇಲೆ ರಸ್ತೆಗೆ ಇಳಿಯಬೇಡಿ, ವಾಹನಗಳ ನಡುವೆ ಕೈಕೊಟ್ಟರೆ ಕಷ್ಟ. ಹಬ್ ಬಿಚ್ಚಿ ಅಭ್ಯಾಸ ಇಲ್ಲದವರು ಗಾಲಿಯನ್ನು ಹಾಗೇ ಮೆಕ್ಯಾನಿಕ್ ಕೈಗೆ ಕೊಡಿ. ಆ ಸ್ಪ್ರಿಂಗುಗಳು ಹಾರಿಹೋದರೆ ಹುಡುಕಿದರೂ ಸಿಗುವುದಿಲ್ಲ.

ಚೈನ್ ಕಳಚಿ ಬೀಳುತ್ತದೆ

ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಹಿಂದೆ, ಅತಿ ದೊಡ್ಡ ಹಲ್ಲುಚಕ್ರ ದಾಟಿ ಸ್ಪೋಕ್ ಕಡ್ಡಿಗಳ ಕಡೆ ಬಿದ್ದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ಸಲ ಹಾಗಾದರೆ ಡಿರೇಲರ್ ಕಡ್ಡಿಯೊಳಗೆ ಸಿಕ್ಕಿ, ಕಡ್ಡಿ, ಡಿರೇಲರ್, ಹ್ಯಾಂಗರ್ ಮೂರೂ ಒಟ್ಟಿಗೆ ಹೋಗುತ್ತವೆ. ಗಾಲಿ ತಟ್ಟನೆ ನಿಂತು ನೀವೂ ಬೀಳುತ್ತೀರಿ. ಮೊದಲು ಹ್ಯಾಂಗರ್ ನೋಡಿ. ಅದು ನೆಟ್ಟಗಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಎಲ್ ಅಂತ ಗುರುತಿರುವ ಸ್ಕ್ರೂ ಮುಟ್ಟಿ, ಕಾಲು ಕಾಲು ಸುತ್ತು ಒಳಕ್ಕೆ ತಿರುಗಿಸಿ. ಬಾಗಿದ ಹ್ಯಾಂಗರಿಗೆ ಸ್ಕ್ರೂ ಹೊಂದಿಸಿದರೆ, ಮುಂದೆ ಹ್ಯಾಂಗರ್ ನೆಟ್ಟಗೆ ಮಾಡಿಸಿದ ದಿನ ಎಲ್ಲ ಮತ್ತೆ ಕೆಡುತ್ತದೆ. ಸರಿಯಾಗುವವರೆಗೂ ಆ ಅತಿ ದೊಡ್ಡ ಹಲ್ಲುಚಕ್ರ ಬಳಸಬೇಡಿ.

ಹಿಂದೆ ಹೊರಗಡೆ, ಚಿಕ್ಕ ಹಲ್ಲುಚಕ್ರಕ್ಕೂ ಚೌಕಟ್ಟಿಗೂ ನಡುವೆ ಬಿದ್ದರೆ ಎಚ್ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ. ಮುಂದೆ ಎರಡು ಚೈನ್‌ರಿಂಗ್ ಇದ್ದು ಒಳಗಡೆ ಬಿದ್ದರೆ ಮುಂದಿನ ಡಿರೇಲರಿನ ಒಳಮಿತಿ ನೋಡಿ. ಮುಂದೆ ಒಂದೇ ಚೈನ್‌ರಿಂಗ್ ಇದ್ದರೆ ಹಲ್ಲುಗಳು ಶಾರ್ಕ್ ಮೀನಿನ ರೆಕ್ಕೆಯಂತೆ ಒಂದೇ ಕಡೆ ವಾಲಿ ಚೂಪಾಗಿವೆಯೇ, ಚೈನ್ ಉದ್ದ ಜಾಸ್ತಿಯಾಗಿ ಜೋತುಬಿದ್ದಿದೆಯೇ ನೋಡಿ.

ಪೆಡಲ್ ಒಂದು ಸುತ್ತಿಗೊಮ್ಮೆ ಟಕ್ ಅನ್ನುತ್ತದೆ

ಎಲ್ಲರೂ ಮೊದಲು ಬಾಟಮ್ ಬ್ರ್ಯಾಕೆಟನ್ನು, ಅಂದರೆ ಎರಡು ಕ್ರ್ಯಾಂಕುಗಳ (ಪೆಡಲ್ ಕೂರುವ ತೋಳುಗಳ) ನಡುವಿನ ಬೇರಿಂಗ್ ಭಾಗವನ್ನು ದೂರುತ್ತಾರೆ. ಅದು ಕೊನೆಗೆ ನೋಡಬೇಕಾದದ್ದು. ಶೂ ಲೇಸಿನ ತುದಿ ಕ್ರ್ಯಾಂಕಿಗೆ ಬಡಿಯುತ್ತಿದೆಯೇ? ಮುಂದಿನ ಡಿರೇಲರಿನ ಕೇಬಲ್ ತುದಿ ಚಾಚಿಕೊಂಡು ಕ್ರ್ಯಾಂಕಿಗೆ ತಾಗುತ್ತಿದೆಯೇ? ಇವೆರಡೂ ನಿಜವಾಗಿಯೂ ಆಗುತ್ತವೆ.

ಆಮೇಲೆ ಪೆಡಲ್‌ಗಳು. ಬಿಚ್ಚಿ, ತಿರುಪಿನ ಮರೆ ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿಮಾಡಿ. ಬಲಗಡೆಯದು ಮಾಮೂಲಿ ಮರೆ, ಎಡಗಡೆಯದು ಉಲ್ಟಾ. ಎಡಗಡೆಯದನ್ನು ಬಿಚ್ಚುತ್ತೇನೆ ಅಂದುಕೊಂಡು ಬಲ ಹಾಕಿ ಬಿಗಿಮಾಡಿದವರು ಬಹಳ ಜನ. ಆಮೇಲೆ ಚೈನ್‌ರಿಂಗಿನ ಬೋಲ್ಟುಗಳು, ಆಮೇಲೆ ಕ್ರ್ಯಾಂಕ್.

ಕ್ರ್ಯಾಂಕ್ ನೋಡಲು ಅದರ ತುದಿ ಹಿಡಿದು ಚೌಕಟ್ಟಿನ ಕಡೆಗೂ ಹೊರಗೂ ಅಲ್ಲಾಡಿಸಿ. ಎಡ ಬಲ ಎರಡೂ ಒಟ್ಟಿಗೆ ಅಲ್ಲಾಡಿದರೆ ಬಾಟಮ್ ಬ್ರ್ಯಾಕೆಟಿನ ಬೇರಿಂಗ್ ಸವೆದಿದೆ. ಒಂದೇ ಕಡೆಯದು ಅಲ್ಲಾಡಿದರೆ ಆ ಕ್ರ್ಯಾಂಕ್ ಸಡಿಲವಾಗಿದೆ. ಸಡಿಲ ಕ್ರ್ಯಾಂಕಿನಲ್ಲಿ ಇನ್ನೊಂದು ಸ್ವಲ್ಪ ದೂರ ಅಂತ ತುಳಿಯಬೇಡಿ. ಚೌಕ ತುದಿಯ ಅಚ್ಚಿನದಾದರೆ ಒಳಗಿನ ಚೌಕ ತೂತು ದುಂಡಗಾಗಿ, ಆಮೇಲೆ ಎಷ್ಟು ಬಿಗಿಮಾಡಿದರೂ ನಿಲ್ಲುವುದಿಲ್ಲ. ಎಡಗಡೆ ಎರಡು ಅಡ್ಡ ಬೋಲ್ಟ್ ಇರುವ ಶಿಮಾನೋ ಹಾಲೋಟೆಕ್ 2 ಕ್ರ್ಯಾಂಕ್ ಆಗಿದ್ದರೆ ಆ ಬೋಲ್ಟುಗಳಿಗೆ 12ರಿಂದ 14 ನ್ಯೂಟನ್ ಮೀಟರ್ ಬಿಗಿ. ಎರಡನ್ನೂ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ ಹೋಗಬೇಕು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಮಾಡಿಸಿ.

ಇಷ್ಟೆಲ್ಲ ಆದ ಮೇಲೂ ಟಕ್ ನಿಲ್ಲಲಿಲ್ಲವೇ? ಸೈಕಲನ್ನು ಚೆನ್ನಾಗಿ ತೊಳೆದು, ಒರೆಸಿ, ಬೆಳಕಿನಲ್ಲಿ ಚೌಕಟ್ಟನ್ನೇ ನೋಡಿ. ಬಾಟಮ್ ಬ್ರ್ಯಾಕೆಟ್ ಸುತ್ತ, ಹ್ಯಾಂಡಲ್ ಹತ್ತಿರ ಕೆಳಕೊಳವೆಯ ಅಡಿಭಾಗ, ಹಿಂದಿನ ಗಾಲಿ ಕೂರುವ ಜಾಗ. ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ, ಅಥವಾ ಗೆರೆಯಿಂದ ತುಕ್ಕು ಇಳಿದಿದ್ದರೆ, ಸೈಕಲ್ ಹತ್ತಬೇಡಿ. ತಳ್ಳಿಕೊಂಡೇ ಮೆಕ್ಯಾನಿಕ್ ಹತ್ತಿರ ಹೋಗಿ, ಗೆರೆಯ ಎರಡೂ ತುದಿಗೆ ಪೆನ್ನಿನಿಂದ ಗುರುತು ಹಾಕಿ ತೋರಿಸಿ.